ಮೂರು ಕಡತ

ಡುಲುತ್ ಬಂದರಿಗೆ ಡಿಸೆಂಬರ್ ಬಂದಿದೆ.
ಸರೋವರ ಹೆಪ್ಪುಗಟ್ಟುವ ಮುಂಚೆ ದಾಟಿಬಿಡಲು
ಅದಿರಿನ ಹಡಗುಗಳು ಒಂದರ ಹಿಂದೊಂದು ಕೂಗುತ್ತವೆ.
ಅವುಗಳ ಲಂಗರು ಎತ್ತುವ ರಾಟೆ
ಲಿಂಡಾಲ್ ಕಾರ್ಖಾನೆಯದು, ಮೂರು ತಲೆಮಾರಿನಿಂದ.

ಥೋರಾ ಲಿಂಡಾಲಳ ಮೇಜಿನ ಮೇಲೆ ಮೂರು ಕಡತ.
ಮಿನಿಯಾಪೊಲಿಸ್‌ನಿಂದ ಬಂದ ಸಲಹೆಗಾರ ಪೆಟಿಬೋನ್
ಬೂಟಿನ ಹಿಮ ಕೊಡವಿ, ಕನ್ನಡಕ ಒರೆಸಿ,
ಸೀರೆ ಅಂಗಡಿಯವನ ಹಾಗೆ
ಒಂದೊಂದೇ ಬಿಡಿಸಿ ತೋರಿಸಿದ:

"ನೀಲಿ. ಇವತ್ತಿನ ಸಂಬಳದ ಒಂದು ತುಂಡು
ಇವತ್ತು ಕೊಡುವುದಿಲ್ಲ, ಹತ್ತು ವರ್ಷ ಕಾದರೆ ಕೊಡುತ್ತೇವೆ.
ನಡುವೆ ಎದ್ದುಹೋದರೆ ಸೊನ್ನೆ.
ಹಸಿರು. ನೆರಳಿನ ಷೇರು. ಬೆಲೆ ಏರಿದಷ್ಟೂ ಹಣ,
ಆದರೆ ಸಭೆಯಲ್ಲಿ ಕೈ ಎತ್ತುವಂತಿಲ್ಲ.
ಹಳದಿ. ಆತನ ಜೀವದ ಮೇಲೊಂದು ವಿಮೆ.
ಬದುಕಿದ್ದರೆ ನಿವೃತ್ತಿಗೆ ಆತನಿಗೆ. ಸತ್ತರೆ
ಅರ್ಧ ಹೆಂಡತಿಗೆ, ಅರ್ಧ ನಿಮಗೆ."

ನಿಮಗೆ.
ಆ ಪದದ ಮೇಲೆ ಥೋರಾಳ ಕಣ್ಣು ನಿಂತಿತು.
ರೈನೊ ಹೈಕಿಲನ ಎದೆಬಡಿತ
ಈ ಕಾರ್ಖಾನೆಗೆ ಎಷ್ಟು ಡಾಲರು ಬಾಳುತ್ತದೆಂದು
ಯಾರೋ ಕೂತು ಲೆಕ್ಕ ಹಾಕಿದ್ದಾರೆ, ಸೆಂಟೂ ಬಿಡದೆ.
ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ:
ಸಿಗರೇಟು ಇಲ್ಲ. ಸೌನಾ, ವಾರಕ್ಕೆ ನಾಲ್ಕು ಸಲ.

ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರುಗಳಿವೆ.
ಉಂಡ ಜೋಳದ ಋಣಕ್ಕೆ ರಣದಲ್ಲಿ ಬಿದ್ದರೆ ಜೋಳವಾಳಿ;
ಬಿದ್ದವನ ಮಕ್ಕಳಿಗೆ ಬಿಟ್ಟ ಗದ್ದೆ ನೆತ್ತರುಗೊಡಗೆ.
ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು, ಮೇಲೆ ಸೂರ್ಯ ಚಂದ್ರರನ್ನು ಕೂರಿಸಿ.
ಪೆಟಿಬೋನನ ಹತ್ತಿರ ಸೂರ್ಯ ಚಂದ್ರರಿಲ್ಲ.
ತೆರಿಗೆ ಕಾಯಿದೆಯ ಕಲಮುಗಳಿವೆ.

ಅವಳ ಅಪ್ಪನ ಕಾಲಕ್ಕೆ ಇದೊಂದೂ ಇರಲಿಲ್ಲ.
ಕ್ರಿಸ್ಮಸ್ಸಿಗೆ ಹೊಗೆಯಲ್ಲಿ ಬೇಯಿಸಿದ ಮೀನು,
ಮೂವತ್ತನೇ ವರ್ಷಕ್ಕೆ ಒಂದು ಕೈಗಡಿಯಾರ.
ಆದರೂ ಯಾರೂ ಬಿಟ್ಟು ಹೋಗಲಿಲ್ಲ.
ಹೋಗುವುದಾದರೂ ಎಲ್ಲಿಗಿತ್ತು, ಆ ಮಾತು ಬೇರೆ.

ರೈನೊನನ್ನು ಮಿಲ್ವಾಕಿಯವರು ಎರಡು ಸಲ ಊಟಕ್ಕೆ ಕರೆದಿದ್ದಾರೆ.
ಅವನೇ ಹೇಳಿದ, ಮುಚ್ಚುಮರೆಯಿಲ್ಲದೆ,
"ಮೀನು ಚೆನ್ನಾಗಿರಲಿಲ್ಲ" ಎಂದಷ್ಟೇ ಸೇರಿಸಿ.
ಹೋದನೆಂದರೆ, ಸವೆದ ಗೇರಿನ ಹಲ್ಲನ್ನು
ಅಂಗಳದಾಚೆಯಿಂದಲೇ ಗುರುತು ಹಿಡಿಯುವ ಕಿವಿಯೂ ಹೋಯಿತು.
ಕಿವಿಗೆ ಯಾವ ಕಡತದಲ್ಲೂ ಕಾಲಮಿಲ್ಲ.

ಬಾಗಿಲು ತಟ್ಟಿ ಬಂದ, ಕೈಯಲ್ಲಿ ಎಣ್ಣೆ ಬಟ್ಟೆ.
ಮೂರನ್ನೂ ನಿಂತೇ ಓದಿದ,
ಪುಟ ಕೊಳೆಯಾಗದಂತೆ ಅಂಚು ಮಾತ್ರ ಹಿಡಿದು.
ನೀಲಿಯ ನಾಲ್ಕನೇ ಪುಟಕ್ಕೆ ವಾಪಸು ಬಂದು ಕೇಳಿದ:
"ಹತ್ತು ವರ್ಷ ನಾನು ಬಿಟ್ಟುಹೋಗಬಾರದು, ಸರಿ.
ನೀವು?"

ಪೆಟಿಬೋನ್ ಪೆನ್ನಿಗೆ ಮುಚ್ಚಳ ಹಾಕಿದ.
ಥೋರಾಗೆ ಎಪ್ಪತ್ತೊಂದು.
ಕೆಳಗಿನ ಖಾನೆಯಲ್ಲಿ, ಬೀಗದೊಳಗೆ,
ಕ್ಲೀವ್‌ಲ್ಯಾಂಡಿನವರ ಪತ್ರ: ಕಾರ್ಖಾನೆ ಕೊಳ್ಳುತ್ತೇವೆ,
ಮುಖ್ಯ ಸಿಬ್ಬಂದಿ ಉಳಿಯುವ ಷರತ್ತಿನ ಮೇಲೆ.

ಚಿನ್ನದ ಕೋಳ ಎನ್ನುತ್ತಾರೆ ಈ ಕಸುಬಿನಲ್ಲಿ.
ಕೋಳಕ್ಕೆ ಎರಡು ಬಳೆ.
ಒಂದನ್ನು ಅವನ ಮಣಿಕಟ್ಟಿನ ಅಳತೆಗೆ ಮಾಡಿಸಿದ್ದಳು;
ಇನ್ನೊಂದು ಯಾರ ಕೈಗೆಂದು ಯೋಚಿಸಿರಲಿಲ್ಲ.
ಸುಳ್ಳು. ಯೋಚಿಸಿದ್ದಳು.

ಹೊರಗೆ ಹಡಗೊಂದು ಉದ್ದಕ್ಕೆ ಕೂಗಿತು,
ಎತ್ತುವ ಸೇತುವೆ ಎದ್ದಿತು.
ಥೋರಾ ಬಗ್ಗಿ ಖಾನೆಯ ಬೀಗ ತೆಗೆದಳು,
ಬಣ್ಣವಿಲ್ಲದ ಆ ನಾಲ್ಕನೆಯದನ್ನು
ಮೂರರ ಪಕ್ಕಕ್ಕಿಟ್ಟಳು.

ರೈನೊ ಕೈ ಒರೆಸಿಕೊಂಡ, ಬೆರಳು ಬೆರಳಿನ ಸಂದಿಯನ್ನೂ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಆ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ.